ಐಲೆಂಡ್‌ನಲ್ಲಿ ಆ ಎಸ್ ಯಾಕೆ ಕೂತಿದೆ?

ಈ ಸಲ ಬಂದ ಪತ್ರಗಳಲ್ಲಿ ಒಂದು ನನ್ನನ್ನು ಎರಡು ದಿನ ಬಿಡಲೇ ಇಲ್ಲ. ಹಾಗಾಗಿ ಈ ಸಂಚಿಕೆಯ ಜಾಗ ಪೂರ್ತಿ ಒಂದೇ ಇಂಗ್ಲಿಷ್ ಪದಕ್ಕೆ ಕೊಟ್ಟಿದ್ದೇನೆ. ಐಲೆಂಡ್, ಅಂದರೆ ದ್ವೀಪ, ನಡುಗಡ್ಡೆ. ಇದೇ ಪದದ ಬಗ್ಗೆ ಮೊದಲೇ ಬಂದು ಉಳಿದಿದ್ದ ಪ್ರಶ್ನೆಗಳನ್ನೂ ಜೊತೆಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಹುಟ್ಟಿ ಬೆಳೆದದ್ದು ಅಘನಾಶಿನಿ ಹೊಳೆಯ ಐಗಳಕುರ್ವೆಯಲ್ಲಿ. ಚಿಕ್ಕಂದಿನಲ್ಲಿ ಎಲ್ಲಿಗೆ ಹೋಗಬೇಕಾದರೂ ದೋಣಿ ಹತ್ತಬೇಕಿತ್ತು. ಓದಿದ್ದು ಕನ್ನಡ ಮೀಡಿಯಂ. ಮಗಳು ಇಂಗ್ಲಿಷ್ ಮೀಡಿಯಂನಲ್ಲಿ ನಾಲ್ಕನೇ ಕ್ಲಾಸು. ರಾತ್ರಿ ಅವಳಿಗೆ ಪಾಠ ಓದಿ ಹೇಳುತ್ತಿದ್ದೆ. ಒಂದು ದಿನ ಅವಳ ಗೆಳತಿಯರೂ ಮನೆಗೆ ಬಂದಿದ್ದರು. ನಾನು ಐ-ಎಸ್-ಎಲ್-ಎ-ಎನ್-ಡಿ ಅನ್ನುವುದನ್ನು ಇಸ್‌ಲ್ಯಾಂಡ್ ಅಂತ ಓದಿದೆ. ಮಕ್ಕಳೆಲ್ಲ ನಕ್ಕರು, ನನ್ನ ಮಗಳೂ ನಕ್ಕಳು. ಅವತ್ತಿನಿಂದ ಗಟ್ಟಿಯಾಗಿ ಓದುವುದನ್ನೇ ಬಿಟ್ಟಿದ್ದೇನೆ. ಎಸ್ ಅಂತ ಬರೆದ ಮೇಲೆ ಅದನ್ನು ಯಾಕೆ ಓದಬಾರದು? ನನಗೇ ಬುದ್ಧಿ ಕಡಿಮೆಯಾ?
- ಓದುಗರು, ಕುಮಟಾ

ಉತ್ತರ: ಅಕ್ಕಾ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಖಂಡಿತ ಇಲ್ಲ. ಕಣ್ಣಿಗೆ ಕಂಡ ಅಕ್ಷರವನ್ನು ನೀವು ಓದಿದಿರಿ. ಕನ್ನಡ ಓದಿ ಬೆಳೆದ ಯಾರೇ ಆದರೂ ಮೊದಲ ಸಲ ಹಾಗೇ ಓದುತ್ತಾರೆ. ತಪ್ಪು ಇರುವುದು ಆ ಪದದ ಬರವಣಿಗೆಯಲ್ಲಿ. ಇದನ್ನು ನಿಮ್ಮ ಸಮಾಧಾನಕ್ಕೆ ಹೇಳುತ್ತಿಲ್ಲ, ಆ ಎಸ್ ಬಂದ ದಾರಿಯೇ ಹಾಗಿದೆ.

ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನ ಜನ ನಡುಗಡ್ಡೆಗೆ ಹೇಳುತ್ತಿದ್ದ ಪದ ಹೆಚ್ಚುಕಡಿಮೆ ಈಯ್‌ಲ್ಯಾಂಡ್ ಅನ್ನುವ ಹಾಗೆ ಇತ್ತು. ಈಯ್ ಅಂದರೇ ನಡುಗಡ್ಡೆ. ಅದರ ಬೇರು ಹುಡುಕುತ್ತಾ ಇನ್ನೂ ಹಿಂದೆ ಹೋದರೆ ನೀರು ಅನ್ನುವ ಅರ್ಥದ ಪದ ಸಿಗುತ್ತದೆ. ಅದರ ಮುಂದೆ ಲ್ಯಾಂಡ್, ಅಂದರೆ ನೆಲ. ನೀರಿನ ನೆಲ. ಎಷ್ಟು ಸರಳ ನೋಡಿ. ಅದರಲ್ಲಿ ಎಸ್ ಇರಲಿಲ್ಲ. ಕಾಲ ಹೋದ ಹಾಗೆ ಇಂಗ್ಲಿಷರ ಬಾಯಲ್ಲಿ ಎಷ್ಟೋ ಪದಗಳ ಈ ಅನ್ನುವ ಧ್ವನಿ ಐ ಆಯಿತು. ಈಯ್ ಹೋಗಿ ಐ ಬಂತು, ಪದ ಐ-ಎಲ್-ಎ-ಎನ್-ಡಿ ಆಯಿತು. ಆಗಲೂ ಎಸ್ ಇಲ್ಲ.

ಈ ನಡುವೆ ಇನ್ನೊಂದು ಪದ ಬೇರೆ ದಾರಿಯಿಂದ ಬಂದಿತ್ತು. 1066ರಲ್ಲಿ ಫ್ರಾನ್ಸಿನ ಉತ್ತರ ಕರಾವಳಿಯ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ರಾಶಿ ರಾಶಿಯಾಗಿ ಇಂಗ್ಲಿಷಿಗೆ ಸೇರಿದವು. ಅದರಲ್ಲಿ ದ್ವೀಪಕ್ಕೆ ಫ್ರೆಂಚರು ಹೇಳುತ್ತಿದ್ದ ಪದವೂ ಒಂದು. ಇವತ್ತು ಇಂಗ್ಲಿಷಿನಲ್ಲಿ ಅದನ್ನು ಐ-ಎಸ್-ಎಲ್-ಇ ಅಂತ ಬರೆದು ಐಲ್ ಅಂತ ಓದುತ್ತಾರೆ. ಅದು ಹಳೆಯ ರೋಮನ್ನರ ಭಾಷೆಯಾದ ಲ್ಯಾಟಿನ್ನಿನ ಇನ್ಸುಲಾ ಅನ್ನುವ ಪದದಿಂದ ಹುಟ್ಟಿದ್ದು. ಇನ್ಸುಲಾದಲ್ಲಿ ಎಸ್ ಇದೆ. ಫ್ರೆಂಚರ ಬಾಯಲ್ಲಿ ಅದು ಸವೆದು ಹೋಗಿತ್ತು. ಆದರೆ 15ನೇ ಶತಮಾನದ ಹೊತ್ತಿಗೆ ಓದಿದವರು, ಇದರ ಮೂಲ ಲ್ಯಾಟಿನ್ ಅಲ್ವಾ, ಎಸ್ ಹಾಕಿಯೇ ಬರೆಯೋಣ ಅಂತ ಅದನ್ನು ಮತ್ತೆ ಸೇರಿಸಿದರು. ಅಲ್ಲಿಗೆ ನಿಂತಿದ್ದರೆ ಸರಿ ಇತ್ತು. ಪಕ್ಕದಲ್ಲೇ ಐಲೆಂಡ್ ಇತ್ತು. ಅರ್ಥವೂ ಒಂದೇ, ಧ್ವನಿಯೂ ಹತ್ತಿರ. ಎರಡೂ ಒಂದೇ ಮನೆಯ ಪದ ಅಂದುಕೊಂಡು 16ನೇ ಶತಮಾನದಲ್ಲಿ ಅದಕ್ಕೂ ಒಂದು ಎಸ್ ಅಂಟಿಸಿಬಿಟ್ಟರು. ನಿಜ ಹೇಳಬೇಕೆಂದರೆ ಐಲೆಂಡ್‌ಗೂ ಲ್ಯಾಟಿನ್ನಿಗೂ ಆ ದಾರಿಯಲ್ಲಿ ಸಂಬಂಧವೇ ಇಲ್ಲ. ಹೇಳುವವರು ಮಾತ್ರ ತಲೆತಲಾಂತರದಿಂದ ಹೇಳುತ್ತಿದ್ದ ಹಾಗೇ ಹೇಳಿದರು. ಕೈ ಒಂದು ಬರೆಯಿತು, ಬಾಯಿ ಇನ್ನೊಂದು ಹೇಳಿತು. ಅದೇ ಇವತ್ತಿನ ತನಕ ಉಳಿದಿದೆ.

ಸಾಲ ಅನ್ನುವ ಅರ್ಥದ ಡೆಟ್, ಅನುಮಾನ ಅನ್ನುವ ಅರ್ಥದ ಡೌಟ್, ಇವೆರಡರ ಒಳಗೂ ಓದದ ಒಂದು ಬಿ ಇದೆ. ಅದೂ ಲ್ಯಾಟಿನ್ ನೋಡಿ ಆಮೇಲೆ ಸೇರಿಸಿದ್ದೇ. ಆದರೆ ಅವೆರಡರ ಮೂಲ ನಿಜವಾಗಿಯೂ ಲ್ಯಾಟಿನ್. ಐಲೆಂಡ್‌ನ ಎಸ್‌ಗೆ ಆ ನೆಪವೂ ಇಲ್ಲ.

ನನ್ನ ಮನಸ್ಸಿನಲ್ಲಿ ಉಳಿದಿರುವ ಒಂದು ವಿಷಯ ಹೇಳಲೇಬೇಕು. ನಾನು ತುಂಬಾ ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು. ಒಬ್ಬ ಹುಡುಗ ಎದ್ದು ನಿಂತು, ಮೇಡಂ, ಓದದೇ ಇರುವ ಅಕ್ಷರವನ್ನು ಯಾಕೆ ಬರೆಯಬೇಕು ಅಂತ ಕೇಳಿದ್ದ. ಅದು ಸೈಲೆಂಟ್, ಬಾಯಿಪಾಠ ಮಾಡು ಅಂದಿದ್ದೆ. ಅವನು ಸುಮ್ನೆ ಕೂತುಬಿಟ್ಟ. ಅವನ ಪ್ರಶ್ನೆ ಸರಿಯಾಗಿತ್ತು, ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತು ನಿಮಗೆ ಇಷ್ಟು ಉದ್ದ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ. ಕಾರಣ ಗೊತ್ತಾದ ಪದ ಮರೆಯುವುದು ಕಷ್ಟ, ಬೈಸಿಕೊಂಡು ಕಲಿತ ಪದದ ಜೊತೆ ಅಳುಕೂ ಉಳಿದುಬಿಡುತ್ತದೆ.

ಕನ್ನಡ ಬರೆದ ಹಾಗೇ ಓದುವ ಭಾಷೆ ಅಂತ ನಾವೆಲ್ಲ ಹೇಳುತ್ತೇವೆ. ಬಹುಮಟ್ಟಿಗೆ ನಿಜ. ಆದರೆ ಚಿಹ್ನೆ ಅಂತ ಬರೆದು ಎಷ್ಟು ಜನ ಚಿನ್ಹೆ ಅನ್ನುತ್ತೇವೆ? ಜ್ಞಾನ ಅನ್ನುವುದರಲ್ಲಿ ಬರೆಯುವುದು ಜ, ಬಾಯಲ್ಲಿ ಬರುವುದು ಗ. ನಿಮ್ಮ ಮಗಳಿಗೆ ಈ ಎರಡು ಪದ ಬರೆದು ತೋರಿಸಿ. ಒಂದೊಂದು ಅಕ್ಷರವನ್ನೂ ಇದ್ದ ಹಾಗೇ ಓದು ಅನ್ನಿ. ಅವಳಿಗೂ ಅರ್ಥವಾಗುತ್ತದೆ.

ಇನ್ನು ಹೇಳುವ ರೀತಿ. ನಾವು ಸಾಮಾನ್ಯವಾಗಿ ಐಲ್ಯಾಂಡ್ ಅಂತ ಬರೆಯುತ್ತೇವೆ, ಪೇಪರಿನಲ್ಲೂ ಹಾಗೇ ಬರುತ್ತದೆ. ಅದನ್ನು ನೋಡಿ ಲ್ಯಾಂಡ್ ಅನ್ನುವುದನ್ನು ಎಳೆದು ಹೇಳುವುದು ನಮಗೆ ಅಭ್ಯಾಸ. ಇಂಗ್ಲಿಷಿನಲ್ಲಿ ಒತ್ತು ಪೂರ್ತಿ ಐ ಮೇಲೆ ಬೀಳುತ್ತದೆ, ಉಳಿದ ಭಾಗ ಹಗುರವಾಗಿ ಜಾರಿ ಹೋಗುತ್ತದೆ. ಇಂಗ್ಲೆಂಡ್ ಅನ್ನುವಾಗ ಕೊನೆ ಹೇಗೆ ಬರುತ್ತದೋ ಹಾಗೆ. ಅದಕ್ಕೇ ನಾನು ಇಲ್ಲಿ ಐಲೆಂಡ್ ಅಂತ ಬರೆಯುತ್ತಿದ್ದೇನೆ. ನೆನಪಿಡುವುದಕ್ಕೆ ನಿಮಗೆ ಬೇರೆ ಯಾರ ಸೂತ್ರವೂ ಬೇಡ. ನಿಮ್ಮ ಊರಿನ ಹೆಸರಿನ ಮೊದಲ ಅಕ್ಷರವೇ ಐ! ಐಗಳಕುರ್ವೆಯ ಐ, ಐಲೆಂಡ್‌ನ ಐ. ಊರ ಹೆಸರಿನ ಕೊನೆಯಲ್ಲಿರುವ ಕುರ್ವೆ ಅಂದರೂ ಹೊಳೆಯ ನಡುಗಡ್ಡೆಯೇ ತಾನೆ. ಹೊನ್ನಾವರದ ಹತ್ತಿರ ಶರಾವತಿಯಲ್ಲಿ ಮಾವಿನಕುರ್ವೆ ಇದೆ, ಅಲ್ಲಿಯೂ ಅದೇ ಪದ.

ಒಂದು ಕೆಲಸ ಮಾಡಿ. ಇವತ್ತು ರಾತ್ರಿಯೇ ಪುಸ್ತಕ ತೆಗೆದು ಆ ಪಾಠವನ್ನು ಮತ್ತೆ ಗಟ್ಟಿಯಾಗಿ ಓದಿ. ಐಲೆಂಡ್ ಬಂದ ಕೂಡಲೇ ನಿಲ್ಲಿಸಿ, ಮಗಳಿಗೆ ನಿಮ್ಮ ಕುರ್ವೆಯ ಕಥೆ ಹೇಳಿ. ಗಜನಿ ಗದ್ದೆಗೆ ಉಪ್ಪುನೀರು ಬಂದರೂ ಕಗ್ಗ ಭತ್ತ ಹೇಗೆ ನಿಲ್ಲುತ್ತದೆ, ನೀರು ಇಳಿದಾಗ ಬಳಚು ಚಿಪ್ಪು ಹೇಗೆ ಹೆಕ್ಕುತ್ತಾರೆ, ಮಳೆಗಾಲದಲ್ಲಿ ದೋಣಿ ಹತ್ತುವಾಗ ಅಮ್ಮ ಏನು ಹೇಳುತ್ತಿದ್ದರು, ಇದೆಲ್ಲ. ಅವಳ ಕ್ಲಾಸಿನಲ್ಲಿ ಐಲೆಂಡ್ ಅನ್ನುವುದು ಚಿತ್ರದಲ್ಲಿ ಒಂದು ತೆಂಗಿನ ಮರ ಇರುವ ಮರಳಿನ ಗುಪ್ಪೆ. ಅದರ ಮೇಲೆ ಹುಟ್ಟಿ, ಉಂಡು, ಆಡಿ ಬೆಳೆದವರು ಆ ಮನೆಯಲ್ಲಿ ನೀವೊಬ್ಬರೇ.

ಪ್ರಶ್ನೆ: ನಾನು ಡಿಗ್ರಿ ವಿದ್ಯಾರ್ಥಿ. ಐಲೆಂಡ್, ಐಸ್‌ಲ್ಯಾಂಡ್, ಐರ್ಲೆಂಡ್ ಮೂರೂ ಕಲಸಿಹೋಗುತ್ತವೆ. ಪರೀಕ್ಷೆಯಲ್ಲಿ ಒಂದರ ಬದಲು ಇನ್ನೊಂದು ಬರೆದು ಬಂದಿದ್ದೇನೆ. ಬಿಡಿಸಿ ಹೇಳಿ.
- ಓದುಗರು, ರಾಯಚೂರು

ಉತ್ತರ: ಕಲಸಿಹೋಗುವುದು ಸಹಜ. ಐಲೆಂಡ್ ಅನ್ನುವುದು ನಡುಗಡ್ಡೆಗೆ ಇರುವ ಸಾಮಾನ್ಯ ಹೆಸರು. ನಿಮ್ಮ ಜಿಲ್ಲೆಯಲ್ಲಿ ಕೃಷ್ಣಾ ನದಿಯ ನಡುವೆ ಇರುವ ಕುರ್ವಕಲಾ ಒಂದು ಐಲೆಂಡ್. ಉಳಿದ ಎರಡು ದೇಶಗಳ ಹೆಸರು.

ಐಸ್‌ಲ್ಯಾಂಡ್ ಯುರೋಪಿನ ಉತ್ತರದ ತುದಿಯಲ್ಲಿದೆ, ಸುಮಾರು 1,03,000 ಚದರ ಕಿ.ಮೀ. ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಆದರೆ ಜನ ಸುಮಾರು 4 ಲಕ್ಷ ಮಾತ್ರ. ಇಂಗ್ಲಿಷಿನಲ್ಲಿ ಅದನ್ನು ಐ-ಸಿ-ಇ ಅಂತ ಶುರುಮಾಡುತ್ತಾರೆ, ಮಂಜುಗಡ್ಡೆಯ ಐಸ್. ಇನ್ನೊಂದು ವಿಷಯ ಕೇಳಿ, ಆ ದೇಶದವರು ತಮ್ಮ ಭಾಷೆಯಲ್ಲಿ ದೇಶದ ಹೆಸರನ್ನು ಐ-ಎಸ್-ಎಲ್-ಎ-ಎನ್-ಡಿ ಅಂತಲೇ ಬರೆಯುತ್ತಾರೆ! ಐ ಮೇಲೆ ಒಂದು ಸಣ್ಣ ಗೀಟು ಮಾತ್ರ ಹೆಚ್ಚು. ಅಲ್ಲಿ ಎಸ್ ಉಚ್ಚಾರ ಇದೆ, ಮಂಜುಗಡ್ಡೆಗೆ ಅವರ ಪದವೇ ಈಸ್. ಮೇಲಿನ ಪತ್ರದ ಅಕ್ಕ ಓದಿದ ರೀತಿ ಆ ದೇಶದಲ್ಲಾದರೆ ಸರಿಗೆ ತುಂಬಾ ಹತ್ತಿರ.

ಐರ್ಲೆಂಡ್ ಇಂಗ್ಲೆಂಡಿನ ಪಶ್ಚಿಮಕ್ಕೆ ಇದೆ. ಅಲ್ಲಿನ ಭಾಷೆಯಲ್ಲಿ ದೇಶದ ಹೆಸರು ಏರಾ ಅನ್ನುವ ಹಾಗೆ ಕೇಳುತ್ತದೆ, ಅದಕ್ಕೆ ಲ್ಯಾಂಡ್ ಸೇರಿ ಐರ್ಲೆಂಡ್. ಆರ್ ಕಂಡರೆ ಐರ್ಲೆಂಡ್, ಸಿ ಕಂಡರೆ ಐಸ್‌ಲ್ಯಾಂಡ್, ಎಸ್ ಕಂಡರೆ ನಡುಗಡ್ಡೆ. ಗೊಂದಲ ಜಾಸ್ತಿ ಆಗುವುದಕ್ಕೆ ಮತ್ತೊಂದು ಕಾರಣ, ಆ ಎರಡು ದೇಶಗಳೂ ಇರುವುದು ಐಲೆಂಡ್‌ಗಳ ಮೇಲೆಯೇ.

ಪ್ರಶ್ನೆ: ದ್ವೀಪದಲ್ಲಿ ಅನ್ನುವುದಕ್ಕೆ ಇನ್ ಹಾಕಬೇಕೋ ಆನ್ ಹಾಕಬೇಕೋ? ಇಂಟರ್‌ವ್ಯೂ ಒಂದರಲ್ಲಿ ತಿದ್ದಿಸಿಕೊಂಡೆ.
- ಓದುಗರು, ದಾವಣಗೆರೆ

ಉತ್ತರ: ಆನ್. ನಮ್ಮ ಅಲ್ಲಿ ಅನ್ನುವ ಪ್ರತ್ಯಯಕ್ಕೆ ನಾವು ತಕ್ಷಣ ಇನ್ ಹಾಕಿಬಿಡುತ್ತೇವೆ. ಇಂಗ್ಲಿಷಿನವರ ಕಣ್ಣಿಗೆ ದ್ವೀಪ ನೀರಿನ ಮೇಲೆ ಎದ್ದು ನಿಂತ ನೆಲ, ಅದರ ಮೇಲೆ ಕಾಲಿಟ್ಟು ಇರುತ್ತೇವೆ, ಹಾಗಾಗಿ ಆನ್. ದೇಶ ಅಥವಾ ಪ್ರದೇಶ ಅಂತ ಹೆಸರು ಹಿಡಿದು ಹೇಳುವಾಗ ಇನ್ ಬರುತ್ತದೆ. ಇನ್ ಶ್ರೀಲಂಕಾ, ಇನ್ ಲಕ್ಷದ್ವೀಪ. ಜೊತೆಗೆ ಪದ ಸ್ವರದಿಂದ ಶುರುವಾಗುವುದರಿಂದ ಅದರ ಹಿಂದೆ ಎ ಬದಲು ಆ್ಯನ್ ಬೇಕು. ಐ ಲಿವ್ ಆನ್ ಆ್ಯನ್ ಐಲೆಂಡ್. ಆನ್ ಆ್ಯನ್ ಅನ್ನುವಾಗ ನಾಲಿಗೆ ತೊಡರುತ್ತದೆ, ಹತ್ತು ಸಲ ಹೇಳಿ ನೋಡಿ, ಸರಿಹೋಗುತ್ತದೆ.

ಪ್ರಶ್ನೆ: ನಮ್ಮ ಕಡೆ ಹೊಳೆಯ ನಡುವಿನ ಜಾಗಕ್ಕೆ ಕುದ್ರು ಅಂತೇವೆ. ಉಬ್ಬರ ಬಂದಾಗ ಮುಳುಗಿ, ಇಳಿತದಲ್ಲಿ ಕಾಣುವ ಮರಳಿನ ದಿಬ್ಬಗಳೂ ಇವೆ. ಇವೆಲ್ಲಕ್ಕೂ ಐಲೆಂಡ್ ಅನ್ನಬಹುದಾ?
- ಓದುಗರು, ಉಡುಪಿ

ಉತ್ತರ: ಕುದ್ರುವಿಗೆ ಧಾರಾಳವಾಗಿ ಅನ್ನಬಹುದು. ಕೆಮ್ಮಣ್ಣಿನ ತೂಗುಸೇತುವೆ ದಾಟಿ ಹೋಗುವ ತಿಮ್ಮಣ್ಣಕುದ್ರು ಒಳ್ಳೆಯ ಉದಾಹರಣೆ. ಮುಳುಗೇಳುವ ದಿಬ್ಬಕ್ಕೆ ಮಾತ್ರ ಐಲೆಂಡ್ ಅನ್ನುವ ಪದ ಸೇರುವುದಿಲ್ಲ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಒಪ್ಪಂದದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ನೆಲ ತಾನಾಗಿ ಉಂಟಾಗಿರಬೇಕು, ಸುತ್ತಲೂ ನೀರು ಇರಬೇಕು, ಉಬ್ಬರದಲ್ಲೂ ನೀರಿನ ಮೇಲೆ ಕಾಣಬೇಕು. ದೇಶ ದೇಶಗಳು ಸಮುದ್ರದಲ್ಲಿ ಗಡಿ ಹಾಕಿಕೊಳ್ಳುವಾಗ ಈ ಮಾತಿಗೆ ಭಾರೀ ಬೆಲೆ ಇದೆ. ನಿಮ್ಮ ದಿಬ್ಬಕ್ಕೆ ಸ್ಯಾಂಡ್ ಬ್ಯಾಂಕ್ ಅನ್ನುತ್ತಾರೆ.

ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪ ನಿಮಗೆ ಗೊತ್ತೇ ಇದೆ. ಕೆತ್ತಿ ನಿಲ್ಲಿಸಿದ ಹಾಗೆ ಕಾಣುವ ಆ ಮೂಲೆ ಮೂಲೆಯ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ತಣಿದು ಬಿರಿದು ಆದವು. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಫೋಟೊ ತೆಗೆಯುವುದರ ಜೊತೆ ಇದನ್ನೂ ಹೇಳಿ.

ಪ್ರಶ್ನೆ: ನಾನು ಸ್ಟಾಫ್ ನರ್ಸ್. ಇನ್ಸುಲಿನ್ ಅನ್ನುವ ಹೆಸರಿಗೂ ದ್ವೀಪಕ್ಕೂ ಸಂಬಂಧ ಇದೆ ಅಂತ ಒಬ್ಬ ಡಾಕ್ಟರ್ ಹೇಳಿದರು, ಆದರೆ ವಿವರಿಸಲು ಅವರಿಗೆ ಪುರುಸೊತ್ತಿರಲಿಲ್ಲ.
- ಓದುಗರು, ಹುಬ್ಬಳ್ಳಿ

ಉತ್ತರ: ಇದೆ. ನನಗೆ ತುಂಬಾ ಇಷ್ಟವಾದ ಸಂಬಂಧ ಇದು. 1869ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನಿಯ ವಿದ್ಯಾರ್ಥಿ ಮೇದೋಜೀರಕ ಗ್ರಂಥಿಯ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಸುತ್ತಲಿನ ಜೀವಕೋಶಗಳ ನಡುವೆ ಬೇರೆ ಥರದ ಕೋಶಗಳ ಸಣ್ಣ ಸಣ್ಣ ಗುಂಪುಗಳು ಕಂಡವು, ನೀರಿನ ನಡುವೆ ನಡುಗಡ್ಡೆಗಳು ಇದ್ದ ಹಾಗೆ. ಅವು ಏನು ಮಾಡುತ್ತವೆ ಅಂತ ಆಗ ಗೊತ್ತಿರಲಿಲ್ಲ. ಆಮೇಲೆ ಅವುಗಳಿಗೆ ಲ್ಯಾಂಗರ್‌ಹಾನ್ಸ್ ದ್ವೀಪಗಳು ಅಂತಲೇ ಹೆಸರು ಬಂತು. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ರಸ ಹುಟ್ಟುವುದು ಅಲ್ಲಿ. ದ್ವೀಪಕ್ಕೆ ಲ್ಯಾಟಿನ್ನಿನಲ್ಲಿ ಇನ್ಸುಲಾ ಅಂತ ಮೊದಲ ಉತ್ತರದಲ್ಲಿ ಹೇಳಿದೆನಲ್ಲ, ಅದರಿಂದ ಇನ್ಸುಲಿನ್. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಮೊದಲ ಇಂಜೆಕ್ಷನ್ ಕೊಟ್ಟರು. ಅದಕ್ಕೂ ಮೊದಲು ಮಕ್ಕಳಿಗೆ ಇನ್ಸುಲಿನ್ ಹುಟ್ಟದಂಥ ಸಕ್ಕರೆ ಕಾಯಿಲೆ ಬಂದರೆ ತಂದೆತಾಯಿ ನೋಡುತ್ತಾ ಕೂರಬೇಕಿತ್ತು, ಬೇರೆ ದಾರಿ ಇರಲಿಲ್ಲ.

ನಿಮ್ಮ ಆಸ್ಪತ್ರೆಯಲ್ಲೇ ಇದೇ ಬೇರಿನ ಇನ್ನೊಂದು ಪದ ಇದೆ. ಐಸೊಲೇಷನ್ ವಾರ್ಡ್. ಇನ್ಸುಲಾ ಇಟಲಿಯವರ ಬಾಯಲ್ಲಿ ಈಸೊಲಾ ಆಯಿತು. ದ್ವೀಪದ ಹಾಗೆ ಒಂಟಿ ಮಾಡುವುದು ಅನ್ನುವ ಅರ್ಥ ಅಲ್ಲಿಂದ ಫ್ರೆಂಚಿಗೆ ಹೋಗಿ, ಕೊನೆಗೆ ಇಂಗ್ಲಿಷಿಗೆ ಬಂತು. ಇಟಲಿಯ ವೆನಿಸ್ ನಗರದವರು 1423ರಲ್ಲಿ ಪ್ಲೇಗ್ ರೋಗಿಗಳಿಗಾಗಿ ನಿಜವಾಗಿಯೂ ಒಂದು ದ್ವೀಪದ ಮೇಲೆಯೇ ಆಸ್ಪತ್ರೆ ಮಾಡಿದ್ದರು. ಕೋವಿಡ್ ಕಾಲದಲ್ಲಿ ಆ ವಾರ್ಡಿನ ಒಳಗೆ ನಿಂತವರು ನೀವು, ಆ ಒಂಟಿತನ ಎಂಥದ್ದು ಅಂತ ನನಗಿಂತ ಚೆನ್ನಾಗಿ ನಿಮಗೆ ಗೊತ್ತು. ಕರೆಂಟ್ ಕೆಲಸದವರು ವೈರಿಗೆ ಸುತ್ತುವ ಇನ್ಸುಲೇಷನ್ ಟೇಪ್ ಕೂಡ ಇದೇ ಕುಟುಂಬ. ವೈರನ್ನು ಸುತ್ತಲಿಂದ ಬೇರೆ ಮಾಡಿ ದ್ವೀಪ ಮಾಡುವುದು.

ಪ್ರಶ್ನೆ: ಬಸ್ಸು, ವಿಮಾನದಲ್ಲಿ ಐಲ್ ಸೀಟ್ ಅನ್ನುತ್ತಾರಲ್ಲ, ಅದೂ ಇದೇನಾ?
- ಓದುಗರು, ಬೆಂಗಳೂರು

ಉತ್ತರ: ಅಲ್ಲ. ಅದು ನಡುವಿನ ಓಡಾಡುವ ದಾರಿ. ಎ-ಐ-ಎಸ್-ಎಲ್-ಇ ಅಂತ ಬರೆಯುತ್ತಾರೆ. ಅದರ ಮೂಲ ಅರ್ಥ ರೆಕ್ಕೆ, ಚರ್ಚಿನ ಪಕ್ಕದ ಭಾಗಕ್ಕೆ ಹೇಳುತ್ತಿದ್ದರು. ಅದಕ್ಕೂ ಎಸ್ ಬಂದದ್ದು ದ್ವೀಪದ ಐಲ್ ಜೊತೆ ಕಲಸಿಹೋಗಿಯೇ.

ಪ್ರಶ್ನೆ: ಮೊಮ್ಮಗ ಪ್ರಾಜೆಕ್ಟ್ ಮಾಡುತ್ತಿದ್ದಾನೆ. ಶ್ರೀರಂಗಪಟ್ಟಣ ಐಲೆಂಡ್ ಅಂತ ನಾನು ಹೇಳಿದರೆ, ಐಲೆಂಡ್ ಸಮುದ್ರದಲ್ಲೇ ಇರಬೇಕು ಅನ್ನುತ್ತಾನೆ. ಯಾರದು ಸರಿ?
- ಓದುಗರು, ಮೈಸೂರು

ಉತ್ತರ: ನಿಮ್ಮದೇ ಸರಿ ಅಜ್ಜಾ. ಸಮುದ್ರ, ನದಿ, ಕೆರೆ ಎಲ್ಲಿದ್ದರೂ ಸುತ್ತಲೂ ನೀರಿದ್ದರೆ ಐಲೆಂಡ್. ಅಸ್ಸಾಮಿನ ಬ್ರಹ್ಮಪುತ್ರಾ ನದಿಯ ಮಾಜುಲಿ ಎಷ್ಟು ದೊಡ್ಡದೆಂದರೆ 2016ರಲ್ಲಿ ಅದನ್ನೇ ಒಂದು ಜಿಲ್ಲೆ ಮಾಡಿದರು. ನಮ್ಮ ದ್ವೀಪ ಅನ್ನುವ ಪದವನ್ನೇ ಬಿಡಿಸಿ ನೋಡಿ. ದ್ವಿ ಅಂದರೆ ಎರಡು, ಅಪ್ ಅಂದರೆ ನೀರು. ಎರಡು ಕಡೆ ನೀರಿರುವುದು. ಕಾವೇರಿ ಎರಡಾಗಿ ಕವಲೊಡೆದು, ಊರನ್ನು ಮಡಿಲಲ್ಲಿ ಇಟ್ಟುಕೊಂಡು, ಸಂಗಮದಲ್ಲಿ ಮತ್ತೆ ಒಂದಾಗುವ ಶ್ರೀರಂಗಪಟ್ಟಣಕ್ಕೆ ಇದು ಅಳತೆ ತೆಗೆದು ಹೊಲಿದ ಹಾಗಿದೆ. ಅಲ್ಲಿ ಆದಿರಂಗ, ಕೆಳಗೆ ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಮೂರು ರಂಗನಾಥರೂ ಕಾವೇರಿಯ ನಡುಗಡ್ಡೆಗಳ ಮೇಲೆಯೇ ಮಲಗಿರುವುದು, ಮೂರನ್ನೂ ಮ್ಯಾಪಿನಲ್ಲಿ ಗುರುತು ಹಾಕಿದರೆ ಅವನ ಪ್ರಾಜೆಕ್ಟ್ ಮುಗಿದ ಹಾಗೇ. ನದಿಯ ಹೆಸರು ಹೇಳುವಾಗ ಮಾತ್ರ ಇನ್ ಬರುತ್ತದೆ, ಅದನ್ನು ನೆನಪಿಸಿ. ಮೊದಲ ಸಾಲು ಹೀಗೆ ಬರೆಯಲಿ: ಶ್ರೀರಂಗಪಟ್ಟಣ ಈಸ್ ಆ್ಯನ್ ಐಲೆಂಡ್ ಇನ್ ದ ಕಾವೇರಿ.